ಅಕ್ಕನ ಮಣ್ಣು

ನಮ್ಮ ಪ್ರಯೋಗಾಲಯದಲ್ಲಿ ಒಳ್ಳೆಯ ಮಣ್ಣಿಗೆ 'ಅಕ್ಕ' ಎಂದು ಹೆಸರು. ತಮಾಷೆಗಲ್ಲ, ರಿಜಿಸ್ಟರಿನಲ್ಲೂ ಹಾಗೇ ಬರೆದಿದೆ. ನದಿ ಉಕ್ಕಿದಾಗ ಮುಳುಗಿ, ಇಳಿದಾಗ ಮತ್ತೆ ಕಾಣಿಸಿಕೊಳ್ಳುವ ಬಯಲುಗಳಿಂದ ನಮಗೆ ಚೀಲಗಟ್ಟಲೆ ಮಣ್ಣು ಬರುತ್ತದೆ. ಅದರಲ್ಲಿ ವಿಷವಿದೆಯೇ, ಇದ್ದರೆ ಎರೆಹುಳುವಿಗೆ, ಎರೆಹುಳು ತಿನ್ನುವ ಸುಂಡಿಲಿಗೆ, ಸುಂಡಿಲಿ ತಿನ್ನುವ ಗೂಬೆಗೆ ಎಷ್ಟು ಅಪಾಯ ಎಂದು ಹೇಳುವುದು ನನ್ನ ಕೆಲಸ. ಕೆಟ್ಟದ್ದು ಎಷ್ಟು ಕೆಟ್ಟದ್ದು ಎಂದು ಹೇಳಬೇಕಾದರೆ ಪಕ್ಕದಲ್ಲಿ ಒಂದು ಒಳ್ಳೆಯದನ್ನು ಇಟ್ಟುಕೊಳ್ಳಲೇಬೇಕು. ಹನ್ನೊಂದು ವರ್ಷದ ಹಿಂದೆ ಅಂಥದ್ದೊಂದು ಬೇಕಾದಾಗ ನಾನು ಎರಡನೇ ಯೋಚನೆ ಮಾಡದೆ ನನ್ನ ಅಕ್ಕನ ತೋಟಕ್ಕೆ ಹೋಗಿ ಒಂದು ಚೀಲ ತುಂಬಿಕೊಂಡು ಬಂದೆ. ಮುಗಿದಾಗಲೆಲ್ಲ ಮತ್ತೆ ಅಲ್ಲಿಂದಲೇ ತರುತ್ತೇನೆ. ಅಂದಿನಿಂದ 'ಅಕ್ಕ ಖಾಲಿಯಾಗಿದ್ದಾಳೆ', 'ಅಕ್ಕನ್ನ ಕುಟ್ಟಿ ಸೋಸಿದ್ದಾಯ್ತಾ' ಎಂಬ ಮಾತು ನಮ್ಮಲ್ಲಿ ಮಾಮೂಲು. ಹೊಸದಾಗಿ ಬಂದವರು ಮೊದಲ ವಾರ ಬೆಚ್ಚಿ ಬೀಳುತ್ತಾರೆ.

ನಾನು ಹುಟ್ಟಿದಾಗಿನಿಂದ ಎಲ್ಲರೂ ನನ್ನನ್ನು ಅಳೆದದ್ದು ಅಕ್ಕನ ಪಕ್ಕದಲ್ಲಿ ನಿಲ್ಲಿಸಿಯೇ. ಅಕ್ಕ ಹಠ ಮಾಡಲ್ಲ, ಅಕ್ಕ ಸುಳ್ಳು ಹೇಳಲ್ಲ, ಅಕ್ಕ ತಟ್ಟೆಯಲ್ಲಿ ಏನೂ ಬಿಡಲ್ಲ. ಬೇರೆ ಯಾರಾಗಿದ್ದರೂ ಅಂಥ ಅಕ್ಕನನ್ನು ಕಂಡರೆ ಮೈ ಉರಿಯುತ್ತಿತ್ತು. ನನಗೆ ಉರಿಯಲಿಲ್ಲ, ಏಕೆಂದರೆ ಅವಳು ನಿಜಕ್ಕೂ ಒಳ್ಳೆಯವಳು. ಅದೇ ನನ್ನ ದೊಡ್ಡ ಸಿಟ್ಟು. ಕೊನೆಗೆ ಇಡೀ ನದೀಬಯಲನ್ನು ಅವಳ ಪಕ್ಕದಲ್ಲಿ ನಿಲ್ಲಿಸಿ ಅಳೆಯುವ ಕೆಲಸ ನನಗೇ ಬಂತು. ಅವಳನ್ನು ಬಿಟ್ಟರೆ ನನಗೆ ಬೇರೆ ಅಳತೆಗೋಲು ಗೊತ್ತಿರಲಿಲ್ಲ.

ಪ್ರಯೋಗಾಲಯ ಇರುವುದು ನದಿ ದಂಡೆಯ ಹಳೆಯ ಪಂಪ್‌ಹೌಸಿನ ಮೇಲಂತಸ್ತಿನಲ್ಲಿ. ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ನೀರಿನ ಮೇಲೆ ಬಿದ್ದ ಬಿಸಿಲು ಕಿಟಕಿಯಿಂದ ಒಳಗೆ ಬಂದು ಚಾವಣಿಯಲ್ಲಿ ಅಲುಗಾಡುತ್ತಿರುತ್ತದೆ. ತಲೆಯೆತ್ತಿ ಅದನ್ನೇ ನೋಡುತ್ತ ಕೂತರೆ ನಾವು ನದಿಯ ತಳದಲ್ಲಿದ್ದೇವೆ, ಮೇಲೆ ಯಾರೋ ದೋಣಿಯಲ್ಲಿ ಮೆಲ್ಲಗೆ ಹೋಗುತ್ತಿದ್ದಾರೆ ಅನ್ನಿಸುತ್ತದೆ. ನಾನು ಹಾಗೆ ಬಹಳ ಹೊತ್ತು ಕೂರುತ್ತೇನೆ. ನಮ್ಮ ಮುಖ್ಯಸ್ಥರು, ಅವರನ್ನು ನಾವು ಮೇಷ್ಟ್ರು ಅನ್ನುತ್ತೇವೆ, ಅದಕ್ಕೆ 'ಚಿಂತನೆ' ಎಂಬ ಗೌರವದ ಹೆಸರು ಕೊಟ್ಟಿದ್ದಾರೆ. ಮಣ್ಣು ಒಣಗಿಸಿ, ಕುಟ್ಟಿ, ಸೋಸುವ ಸಹೋದ್ಯೋಗಿ ಜರಡಿ ಮಾತ್ರ ಅದನ್ನು ನಿದ್ದೆ ಅಂತಲೇ ಕರೆಯುತ್ತಾನೆ. ಮೂವತ್ತು ವರ್ಷ ಜರಡಿ ಹಿಡಿದು ಅವನಿಗೆ ಆ ಹೆಸರು ಅಂಟಿಕೊಂಡದ್ದು. ಇನ್ನೆರಡು ವರ್ಷಕ್ಕೆ ಅವನಿಗೆ ನಿವೃತ್ತಿ.

ನಮ್ಮ ಪರೀಕ್ಷೆ ನೋಡಲು ಮಕ್ಕಳಾಟದ ಹಾಗಿದೆ. ಚಪ್ಪಲಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ನಡುವೆ ಒಂದು ತೆಳು ತಗಡು. ಒಂದು ಕಡೆ ಪರೀಕ್ಷೆಗೆ ಬಂದ ಮಣ್ಣು, ಇನ್ನೊಂದು ಕಡೆ ಅಕ್ಕ. ತಗಡನ್ನು ಮೆಲ್ಲಗೆ ಮೇಲಕ್ಕೆಳೆದು, ಅದು ಬಿಟ್ಟುಹೋದ ಗೆರೆಯ ಮೇಲೆ ಹತ್ತು ಎರೆಹುಳುಗಳನ್ನು ಸಾಲಾಗಿ ಮಲಗಿಸಬೇಕು. ಆಮೇಲೆ ಎರಡು ದಿನ ಮುಟ್ಟುವ ಹಾಗಿಲ್ಲ. ಎರೆಹುಳುವಿಗೆ ಕಣ್ಣಿಲ್ಲ, ಕಿವಿಯಿಲ್ಲ, ಮೈಯೆಲ್ಲ ನಾಲಿಗೆ. ಬೇಡವಾದ ಮಣ್ಣಿನಿಂದ ಅದು ಸದ್ದಿಲ್ಲದೆ ಎದ್ದು ಹೋಗುತ್ತದೆ. ಮೂರನೇ ದಿನ ತಗಡನ್ನು ಮತ್ತೆ ಗೆರೆಗೆ ಇಳಿಸಿ ಎಣಿಸಬೇಕು. ಎಲ್ಲಿಗೂ ಹೋಗದೆ ಗೆರೆಯ ಮೇಲೇ ಉಳಿದ ಹುಳುವನ್ನು ಎರಡೂ ಕಡೆಗೆ ಅರ್ಧರ್ಧ ಬರೆಯಬೇಕು. ಹುಳುಗಳೆಲ್ಲ ಅಕ್ಕನ ಕಡೆಗೆ ಬಂದಿದ್ದರೆ ಆಚೆ ವಿಷವಿದೆ ಎಂದರ್ಥ. ಐದೈದು ಹಂಚಿಕೊಂಡಿದ್ದರೆ ಎರಡೂ ಮಣ್ಣು ಒಂದೇ, ಭಯವಿಲ್ಲ. ಹುಳುಗಳು ಬಿಟ್ಟುಬಂದ ಮಣ್ಣನ್ನು ಮಾತ್ರ ಲೋಹ ಅಳೆಯುವ ಯಂತ್ರಕ್ಕೆ ಹಾಕುತ್ತೇವೆ.

ಕಳೆದ ಕೆಲವು ವರ್ಷಗಳಿಂದ ಎಲ್ಲ ಬಯಲುಗಳಿಗೂ ಐದೈದೇ ಬರುತ್ತಿತ್ತು. ನದಿ ಚೇತರಿಸಿಕೊಳ್ಳುತ್ತಿದೆ ಎಂದು ನಾನು ವರದಿ ಬರೆದೆ, ಖುಷಿಯಿಂದಲೇ ಬರೆದೆ. ಈ ಸಲದ ಕೆಲಸ ಕೆಳತಿರುವಿನದು. ನದಿ ಕೊನೆಯ ಸಲ ಬಾಗುವಲ್ಲಿ ಇರುವ ದೊಡ್ಡ ಹುಲ್ಲುಬಯಲು ಅದು. ಅಲ್ಲಿಯ ಒಡ್ಡು ಕಡಿದು, ನೀರನ್ನು ಒಳಗೆ ಬಿಟ್ಟು, ಬಯಲನ್ನು ಹಕ್ಕಿಗಳಿಗೂ ಕುರಿಗಳಿಗೂ ಬಿಟ್ಟುಕೊಡಬೇಕೆಂಬ ಯೋಜನೆ. ಮಣ್ಣು ಒಳ್ಳೆಯದಿದ್ದರೆ ಅದು ಸ್ವರ್ಗ. ಕೆಟ್ಟದ್ದಾದರೆ ಒಡ್ಡು ಕಡಿದ ದಿನವೇ ವಿಷ ಎಲ್ಲರ ಮನೆಬಾಗಿಲಿಗೆ ಹೊರಡುತ್ತದೆ. ಶುಕ್ರವಾರದೊಳಗೆ ನನ್ನ ಸಹಿ ಬೇಕಾಗಿತ್ತು.

ಸೋಮವಾರ ಪೆಟ್ಟಿಗೆಗಳನ್ನು ಬಿಚ್ಚಿದೆ. ಮೊದಲ ಐದರಲ್ಲಿ ಎಂದಿನಂತೆ ಐದೈದು, ಐದೈದು, ಒಂದರಲ್ಲಿ ನಾಲ್ಕೂವರೆ ಐದೂವರೆ. ಆರನೆಯದರಲ್ಲಿ ಅಕ್ಕನ ಕಡೆ ಒಂದು ಹುಳುವೂ ಇರಲಿಲ್ಲ. ಕೈಯಿಂದ ಮಣ್ಣು ಬಿಡಿಸಿ ಮತ್ತೆ ನೋಡಿದೆ. ಹತ್ತಕ್ಕೆ ಹತ್ತೂ ಆಚೆ ಕಡೆಯ ಮೂಲೆಯಲ್ಲಿ ಒಂದರ ಮೇಲೊಂದು ಸುತ್ತಿಕೊಂಡು, ಬಲು ನೆಮ್ಮದಿಯಿಂದ ಮಲಗಿದ್ದವು.

"ಲೋ ಜರಡಿ, ಆರನೇ ಪೆಟ್ಟಿಗೆಗೆ ಏನು ಹಾಕಿದ್ದೀಯ?"

"ಕೆಳತಿರುವಿಂದು. ಇನ್ನೇನು ಹಾಕ್ಲಿ, ಸಕ್ಕರೇನಾ?"

ಹಾಗಂದವನು ಕಿಟಕಿಯ ಹತ್ತಿರ ಹೋಗಿ ಒಣಹಾಕಿದ ಟ್ರೇಗಳನ್ನು ಎಣಿಸಿ, ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ, ಟ್ರೇ ಅದಲು ಬದಲಾಗಿದೆ. ಅದು ನಿನ್ನ ಹೂಕುಂಡದ ಮಣ್ಣು. ನೀನು ನೀರು ಹಾಕದೆ ಸಾಯಿಸಿದ್ದೆಯಲ್ಲ, ಆ ಗಿಡದ್ದು. ಬೇರೆ ಗಿಡ ನೆಡೋಣ ಅಂತ ಸುರಿದು ಒಣಗಿಸಿದ್ದೆ."

ಇಬ್ಬರೂ ನಕ್ಕೆವು. ಮೂವತ್ತು ವರ್ಷದಲ್ಲಿ ಜರಡಿ ಹೀಗೆ ಮಾಡಿದ್ದು ಇದೇ ಮೊದಲು, ಇದನ್ನು ಅವನ ಬೀಳ್ಕೊಡುಗೆಯ ದಿನ ಮೈಕಿನಲ್ಲಿ ಹೇಳುತ್ತೇನೆ ಎಂದೆ. ಆಮೇಲೆ ನಗು ಅರ್ಧಕ್ಕೆ ನಿಂತಿತು. ಮಣ್ಣು ತಪ್ಪಿದ್ದು ನಿಜ, ಆದರೆ ಹುಳುಗಳು ತಪ್ಪಿರಲಿಲ್ಲ. ಆ ಕುಂಡದ ಮಣ್ಣು ಗುಡ್ಡದ ಮೇಲಿನ ನರ್ಸರಿಯದು. ನದಿ ಅದನ್ನು ಎಂದೂ ಮುಟ್ಟಿಲ್ಲ. ಒಂದು ಸಲ ಅದರ ರುಚಿ ಸಿಕ್ಕಿದ್ದೇ ತಡ, ಹುಳುಗಳು ನನ್ನ ಅಕ್ಕನನ್ನು ಬಿಟ್ಟು ಓಡಿದ್ದವು.

"ನಿಮ್ಮಕ್ಕನ್ನ ಮಷಿನ್ನಿಗೆ ಹಾಕಿ ಎಷ್ಟು ದಿನ ಆಯ್ತು?" ಜರಡಿ ಮೆಲ್ಲಗೆ ಕೇಳಿದ.

ರಿಜಿಸ್ಟರು ತೆಗೆದೆ. ಹನ್ನೊಂದು ವರ್ಷದ ಹಿಂದೆ ಅಕ್ಕನ ಸೀಸ, ಅಕ್ಕನ ಕ್ಯಾಡ್ಮಿಯಂ ಅಳೆದ ಅಂಕಿ ಚಂದವಾಗಿ ಬರೆದಿತ್ತು. ಅದರ ಕೆಳಗಿನ ಸಾಲಿನಲ್ಲಿ 'ಮೇಲಿನಂತೆ'. ಅದರ ಕೆಳಗೆ 'ಮೇಲಿನಂತೆ'. ಪುಟ ತಿರುಗಿಸಿದರೂ ಮೇಲಿನಂತೆ, ಮೇಲಿನಂತೆ. ಎಲ್ಲವನ್ನೂ ಬರೆದವಳು ನಾನೇ. ಬಂದ ಮಣ್ಣನ್ನೆಲ್ಲ ಅಳೆದಿದ್ದೆ. ಅಳತೆಗೋಲನ್ನು ಅಳೆಯಬೇಕೆಂದು ಒಂದು ದಿನವೂ ತೋಚಿರಲಿಲ್ಲ. ಅಕ್ಕನನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ?

ಮರುದಿನ ಮಧ್ಯಾಹ್ನ ಯಂತ್ರ ಅಂಕಿ ಕೊಟ್ಟಿತು. ಕ್ಯಾಡ್ಮಿಯಂ ಮೊದಲಿನ ಒಂಬತ್ತು ಪಟ್ಟು. ಸೀಸ ಆರು ಪಟ್ಟು. ಕೆಳತಿರುವಿನ ಮಣ್ಣೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಮಣ್ಣು ಒಂದೇ ಎಂದು ಹುಳುಗಳು ಇಷ್ಟು ವರ್ಷ ನಿಜವನ್ನೇ ಹೇಳಿದ್ದವು. ಒಳ್ಳೆಯದರಲ್ಲಿ ಒಂದೇ ಎಂದುಕೊಂಡವಳು ನಾನು.

ಚಾವಣಿಯ ಬೆಳಕು ಆಗಲೇ ಹೊರಟುಹೋಗಿತ್ತು. ಆದರೂ ನಾನು ತಲೆಯೆತ್ತಿ ಅದು ಇದ್ದ ಜಾಗವನ್ನೇ ನೋಡುತ್ತ ಕೂತೆ. ಹಾಗೆ ಕೂತಾಗ ಭಾವನ ದನಿ ಕೇಳಿಸಿತು, ಆರು ವರ್ಷದ ಹಿಂದೆ ಫೋನಿನಲ್ಲಿ ಕೇಳಿಸಿದಷ್ಟೇ ಸ್ಪಷ್ಟವಾಗಿ.

ಆ ವರ್ಷ ದೊಡ್ಡ ನೆರೆ ಬಂದಿತ್ತು. ಭಾವ ಅಕ್ಕನ ಗಂಡ ಅನ್ನುವುದಕ್ಕಿಂತ ಆ ತೋಟದ ಗಂಡ ಎಂದು ನಾವು ಗೇಲಿ ಮಾಡುತ್ತಿದ್ದೆವು. ನೀರು ಹೊಸ್ತಿಲು ದಾಟಿದಾಗಲೂ ಅವರು "ನೆರೆಯವರು ಬಂದಿದ್ದಾರೆ, ಕುರ್ಚಿ ಹಾಕಿ" ಎಂದು ನಗಿಸಿದ ಮನುಷ್ಯ. ನೀರು ಇಳಿದ ಮೇಲೆ ದಂಡೆಯುದ್ದಕ್ಕೂ ಮೊಣಕಾಲೆತ್ತರ ಮೆಕ್ಕಲು ಮಣ್ಣು ಉಳಿದಿತ್ತು, ಕಪ್ಪಗೆ, ಬೆಣ್ಣೆಯಷ್ಟು ನುಣ್ಣಗೆ. ಭಾವ ನನಗೆ ಫೋನು ಮಾಡಿ, "ನೀನು ಮಣ್ಣಿನ ಡಾಕ್ಟರು, ಹೇಳು, ಇದನ್ನ ತೋಟಕ್ಕೆ ಹಾಕಬಹುದಾ?" ಎಂದು ಕೇಳಿದರು. ನಾನು ಏನೋ ಬರೆಯುತ್ತಿದ್ದೆ. ಪೆನ್ನು ಕೆಳಗಿಡದೆ ಹೇಳಿದೆ: "ಹಾಕಿ ಭಾವ, ಕಣ್ಮುಚ್ಚಿ ಹಾಕಿ. ನೆರೆಮಣ್ಣು ಅಂದ್ರೆ ಬಂಗಾರ." ಅವರು ಒಂದು ತಿಂಗಳು ತಳ್ಳುಗಾಡಿಯಲ್ಲಿ ಅದನ್ನು ಹೊತ್ತು ಹಾಕಿದರು. ನದಿಯ ಮೇಲ್ಭಾಗದಲ್ಲಿ ಎಷ್ಟೋ ವರ್ಷದ ಹಿಂದೆ ಮುಚ್ಚಿದ ಒಂದು ಗಣಿಯಿದೆ, ಅದರ ಕಸದ ರಾಶಿಯನ್ನು ಆ ನೆರೆ ಕೊಚ್ಚಿಕೊಂಡು ಬಂದಿದೆ ಎಂದು ನನಗೆ ಆಮೇಲೆ ತಿಳಿಯಿತು. ತಿಳಿದಾಗಲೂ ಅದನ್ನು ಕೆಳಗಿನ ಬಯಲುಗಳ ವರದಿಯಲ್ಲಿ ಬರೆದೆನೇ ಹೊರತು ಅಕ್ಕನ ತೋಟ ನೆನಪಾಗಲಿಲ್ಲ. ಎರಡು ವರ್ಷದ ಹಿಂದೆ ಭಾವ ಹೃದಯ ನಿಂತು ತೀರಿಕೊಂಡರು. ಆ ತೋಟ ಅವರು ಬಿಟ್ಟುಹೋದದ್ದು ಎಂದು ಅಕ್ಕ ಒಂದು ಎಲೆಯನ್ನೂ ಬಾಡಲು ಬಿಡದೆ ನೋಡಿಕೊಂಡಿದ್ದಳು.

ಮೇಷ್ಟ್ರಿಗೆ ಎಲ್ಲ ಹೇಳಿದೆ, ಫೋನಿನ ವಿಷಯ ಬಿಟ್ಟು. ಅವರು ಕನ್ನಡಕ ತೆಗೆದು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದರು.

"ಎರಡು ದಾರಿ ಇದೆ. ಗುಡ್ಡದ ಮಣ್ಣು ತಂದು, ಅದಕ್ಕೆ 'ಅಕ್ಕ' ಅಂತಲೇ ಹೆಸರಿಟ್ಟು, ಕೆಳತಿರುವಿಗೆ ಬೇಡ ಅಂತ ಬರೆದುಬಿಡೋದು. ಹಳೇ ವರದಿಗಳು ಅಲ್ಲೇ ಮಲಗಿರ್ತವೆ, ಯಾರೂ ಎಬ್ಬಿಸಲ್ಲ. ಇಲ್ಲಾಂದ್ರೆ ಎಲ್ಲಾ ವಾಪಸು ತಗೊಂಡು, ತಪ್ಪು ಎಲ್ಲಿಂದ ಶುರುವಾಯ್ತು ಅಂತ ಬರೆಯೋದು."

"ಎರಡನೇದು ಮಾಡಿದ್ರೆ?"

"ನಿಮ್ಮ ಅಕ್ಕನ ತೋಟಾನೂ ಒಂದು ವಿಷದ ತಾಣ ಆಗತ್ತೆ. ಬೋರ್ಡು ಹಾಕ್ತಾರೆ. ಮೇಲಿನ ಮಣ್ಣು ಕೆರೆದು ಒಯ್ತಾರೆ. ನೀವೇ ಹೋಗಿ ಅವರ ಸಹಿ ತರಬೇಕು." ಕನ್ನಡಕ ಹಾಕಿಕೊಂಡು ಅವರು ನನ್ನತ್ತ ನೋಡಿದರು. "ಮೊದಲನೇದು ಮಾಡಿ ಅಂತ ನಾನು ಹೇಳ್ತಿಲ್ಲ. ಇದೆ ಅಂತ ಹೇಳಿದೆ ಅಷ್ಟೆ."

ಹಳೆಯ ವರದಿಗಳು ಮಲಗಿದ್ದರೂ ಆ ಬಯಲುಗಳಲ್ಲಿ ಹುಳು, ಸುಂಡಿಲಿ, ಗೂಬೆ ಎಲ್ಲ ಎದ್ದೇ ಇದ್ದವು, ತಿನ್ನುತ್ತಲೇ ಇದ್ದವು. ಇಷ್ಟು ನನಗೆ ಗೊತ್ತಾಗುವುದಕ್ಕೆ ಯಂತ್ರ ಬೇಕಿರಲಿಲ್ಲ. ನನಗೆ ಹೆದರಿಕೆ ಇದ್ದದ್ದು ಒಂದೇ: ಭಾವ ಹೊತ್ತು ತಂದ ಮಣ್ಣನ್ನು ವಿಷ ಎಂದು, ಅದನ್ನು ಹೊರಿಸಿದವಳು ನಾನು ಎಂದು ಹೇಳಿದ ಮೇಲೆ ನನಗೆ ಅಕ್ಕ ಇರುತ್ತಾಳೆಯೇ ಇಲ್ಲವೇ. ಫಾರಂ ಒಂದನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡೆ.

ಗುರುವಾರ ಬೆಳಗಿನ ಬಸ್ಸು ನದಿಯ ಪಕ್ಕದಲ್ಲೇ ಸಾಗುತ್ತದೆ. ಮಂಜು ಬಯಲಿನ ಮೇಲೆ ಕೂತಿತ್ತು. ಮರಗಳಿಗೆ ಬುಡವಿರಲಿಲ್ಲ, ಕುರಿಗಳಿಗೆ ಕಾಲಿರಲಿಲ್ಲ, ಒಂದು ಸೇತುವೆ ಎಲ್ಲಿಂದಲೋ ಶುರುವಾಗಿ ಎಲ್ಲಿಯೂ ಮುಗಿಯದೆ ನಿಂತಿತ್ತು. ಕಿಟಕಿಗೆ ತಲೆಯಾನಿಸಿದೆ, ಕಣ್ಣು ಹತ್ತಿತು. ಕನಸಿನಲ್ಲಿ ನಾನು ಪೆಟ್ಟಿಗೆಯ ನಡುಗೆರೆಯ ಮೇಲೆ ಮಲಗಿದ್ದೆ. ಕೈಕಾಲು ಇರಲಿಲ್ಲ, ಅದೇನೂ ತೊಂದರೆ ಅನ್ನಿಸಲಿಲ್ಲ. ಎರಡೂ ಕಡೆಯಿಂದ ಅಕ್ಕನೇ ಕರೆಯುತ್ತಿದ್ದಳು, ಊಟಕ್ಕೆ ಕರೆಯುವ ಅದೇ ದನಿಯಲ್ಲಿ, "ಬಾರೇ, ಆರಿಹೋಗತ್ತೆ" ಎಂದು. ಯಾವ ಕಡೆ ಹೊರಳಿದರೂ ಇನ್ನೊಂದು ಕಡೆಯ ಅಕ್ಕನಿಗೆ ಬೇಜಾರಾಗುತ್ತದೆ. ನಾನು ಅಲುಗಾಡದೆ ಹಾಗೇ ಮಲಗಿದ್ದೆ. ಯಾರೋ ಮೇಲಿಂದ ತಗಡು ಇಳಿಸುತ್ತಿದ್ದರು. ಎಚ್ಚರವಾದಾಗ ಕಂಡಕ್ಟರು ನನ್ನ ಭುಜ ಅಲುಗಿಸುತ್ತ, "ನಿಮ್ಮ ಸ್ಟಾಪು ಇದೇ ಅಲ್ವಾ?" ಎನ್ನುತ್ತಿದ್ದ.

ಅಕ್ಕ ಹೊಲಿಗೆಯವಳು. ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಎರಡು ಗುಂಡುಪಿನ್ನು, ಹಾಗೇ ಬಂದು ಬಾಗಿಲು ತೆಗೆದಳು. ಪಿನ್ನು ತೆಗೆಯದೆಯೇ ಬಯ್ದಳು: "ಫೋನು ಮಾಡೋಕೇನು ರೋಗ ನಿಂಗೆ? ಏನೂ ಮಾಡಿಲ್ಲ ನಾನು." ಏನೂ ಮಾಡಿಲ್ಲ ಎಂದವಳು ಇಪ್ಪತ್ತು ನಿಮಿಷದಲ್ಲಿ ಮೇಜು ತುಂಬಿಸಿದಳು. ತೋಟದ ಸೊಪ್ಪು, ತೋಟದ ಬೀನ್ಸು, ಹೆಚ್ಚಿದ ಮೂಲಂಗಿ. ಅಡುಗೆಮನೆಯ ಬಾಗಿಲುವಾಡದಲ್ಲಿ ಭಾವ ಪೆನ್ಸಿಲಿನಿಂದ ಎಳೆದ ನೆರೆಯ ಗೆರೆಗಳು ಒಂದರ ಮೇಲೊಂದು ಇದ್ದವು, ವರ್ಷ ಬರೆದು. ಎಲ್ಲಕ್ಕಿಂತ ಮೇಲಿನದು ನನ್ನ ಭುಜಕ್ಕೆ ಬರುತ್ತಿತ್ತು.

ಊಟಕ್ಕೆ ಮೊದಲೇ ಹೇಳಬೇಕೆಂದು ಬಂದವಳು ನಾನು. ಅವಳು ತಟ್ಟೆಗೆ ಬಡಿಸಿ, ಎದುರಿಗೆ ಕೂತು, "ತಿನ್ನು, ಕಡ್ಡಿ ಆಗಿದ್ದೀಯ" ಅಂದಾಗ ಬಾಯಿಗೆ ಬೀಗ ಬಿತ್ತು. ಒಂದು ತಟ್ಟೆ ಸೊಪ್ಪಿನಲ್ಲಿ ಎಷ್ಟು ಕ್ಯಾಡ್ಮಿಯಂ ಹೋಗುತ್ತದೆ ಎಂಬ ಲೆಕ್ಕ ನನಗೆ ಬಾಯಿಪಾಠ. ಒಂದು ಊಟದಿಂದ ಯಾರೂ ಸಾಯುವುದಿಲ್ಲ. ತಿಂದೆ. ಎರಡನೇ ಸಲವೂ ಹಾಕಿಸಿಕೊಂಡೆ. ರುಚಿಯಾಗಿತ್ತು, ಅದೇ ನನ್ನನ್ನು ಇನ್ನಷ್ಟು ಹಿಂಡಿತು.

ಊಟವಾದ ಮೇಲೆ ತೋಟಕ್ಕೆ ಹೋದೆವು. ಮಂಜು ಕರಗಿ ಬಿಸಿಲು ಬಂದಿದ್ದರೂ ಎಲ್ಲವೂ ಇನ್ನೂ ಅರೆನಿದ್ದೆಯಲ್ಲಿದ್ದಂತಿತ್ತು. ಬೇಲಿಯಾಚೆ ನದಿ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ಮೂಲೆಯ ಪೊಳ್ಳು ಮರದ ಬಾಯಲ್ಲಿ ಒಂದು ಪುಟ್ಟ ಗೂಬೆ ಕಣ್ಣು ಅರ್ಧ ಮುಚ್ಚಿಕೊಂಡು ಬಿಸಿಲು ಕಾಯುತ್ತಿತ್ತು. ಅಕ್ಕ ಅದನ್ನು ಎಬ್ಬಿಸಬಾರದೆಂದು ದನಿ ತಗ್ಗಿಸಿದಳು.

"ಪಾಪ, ಮೂರು ವರ್ಷ ಆಯ್ತು. ಮೊಟ್ಟೆ ಇಡತ್ತೆ, ಕಾವು ಕೂರತ್ತೆ, ಮರಿ ಮಾತ್ರ ಇಲ್ಲ. ಆ ಪಕ್ಕದ ಮನೆ ಬೆಕ್ಕಿನದೇ ಕೆಲಸ."

ಇನ್ನು ತಡೆಯಲಾಗಲಿಲ್ಲ. "ಅಕ್ಕ, ಇಲ್ಲಿ ಬೆಳೆದದ್ದನ್ನ ಇನ್ಮೇಲೆ ತಿನ್ನಬಾರದು."

"ಯಾಕೆ, ಹುಳ ಬಿದ್ದಿದೆಯಾ?"

"ಹುಳ ಬರ್ತಿಲ್ಲ. ಅದೇ ತೊಂದರೆ."

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಪೆಟ್ಟಿಗೆ, ಹೂಕುಂಡ, ಒಂಬತ್ತು ಪಟ್ಟು, ಗಣಿ, ಅವಳಿಂದ ಬೇಕಾದ ಸಹಿ. ಹುಳುವಿನ ಮೈಯಲ್ಲಿ ಸೇರಿದ್ದು ಸುಂಡಿಲಿಗೆ, ಸುಂಡಿಲಿಯದು ಗೂಬೆಗೆ. ಗೂಬೆಗೆ ಮರಿಯಾಗದಿರಲು ಅದೇ ಕಾರಣ ಅಂತ ಖಂಡಿತ ಹೇಳಲಾರೆ, ಇರಬಹುದು ಎಂದೆ. ನಾನು ಮಾತು ಮುಗಿಸುವವರೆಗೆ ಅಕ್ಕ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು.

"ಅಂದ್ರೆ ನಾನು ಮೂರು ವರ್ಷ ಆ ಬಡಪಾಯಿ ಬೆಕ್ಕಿನ ಮೇಲೆ ಗೂಬೆ ಕೂರಿಸಿದ್ದೀನಿ" ಎಂದಳು. ತಾನು ಆಡಿದ ಮಾತು ಕಿವಿಗೆ ಬಿದ್ದು ಅವಳಿಗೇ ನಗು ಬಂತು. ನಗು ಹೋಗಿ ಮುಖ ಒಮ್ಮೆಗೇ ಇಳಿಯಿತು. "ಬೀದಿಗೆಲ್ಲ ಹಂಚಿದ್ದೀನಲ್ಲೇ. ಆ ಬಾಣಂತಿ ಇದ್ದಾಳೆ ನೋಡು ಮೂಲೆಮನೇಲಿ, ಅವಳಿಗೆ ದಿನಾ ಸೊಪ್ಪು ಕೊಟ್ಟಿದ್ದೀನಿ. ನಾನೇ ಹೋಗಿ ಕೊಟ್ಟು ಬಂದೆ."

"ಅವರಿಗೆಲ್ಲ ರಕ್ತ ಪರೀಕ್ಷೆ ಮಾಡಿಸೋಣ. ನಾನೇ ಮಾಡಿಸ್ತೀನಿ."

ಅಕ್ಕ ತಲೆಯಾಡಿಸಿದಳು. ಸಾಲುಗಳ ಮಧ್ಯೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಕಪ್ಪಗಿತ್ತು, ನುಣ್ಣಗಿತ್ತು, ಈಗಲೂ ಅದರಲ್ಲಿ ಒಂದು ದೋಷ ಕಣ್ಣಿಗೆ ಕಾಣುತ್ತಿರಲಿಲ್ಲ. "ಇದು ಅವರು ಹಾಕಿದ್ದು" ಎಂದಳು, ಬಹಳ ಮೆಲ್ಲಗೆ. "ಬೆನ್ನು ನೋಯತ್ತೆ ಬಿಡಿ ಅಂದ್ರೂ ಕೇಳ್ಲಿಲ್ಲ. ಒಂದು ತಿಂಗಳು."

"ಹಾಕಿ ಅಂದಿದ್ದು ನಾನು, ಅಕ್ಕ."

ಅವಳು ತಿರುಗಿ ನೋಡಲಿಲ್ಲ.

"ಭಾವ ಫೋನು ಮಾಡಿ ಕೇಳಿದ್ರು. ನಾನು ಪರೀಕ್ಷೆನೂ ಮಾಡದೆ, ಕಣ್ಮುಚ್ಚಿ ಹಾಕಿ ಅಂದೆ. ಬಂಗಾರ ಅಂದೆ. ಅವರು ನನ್ನ ಮಾತು ನಂಬಿ ಹೊತ್ತರು." ಇಷ್ಟು ಹೇಳುವಾಗ ನನ್ನ ಮೂಗು ಸೋರುತ್ತಿತ್ತು, ಐವತ್ತರ ಹತ್ತಿರದ ಹೆಂಗಸು ಬದನೆ ಗಿಡಗಳ ನಡುವೆ ನಿಂತು ಶಾಲೆಯ ಮಗುವಿನ ಹಾಗೆ ಅಳುತ್ತಿದ್ದೆ. "ಹೊಟ್ಟೆಗೆ ಹಾಕ್ಕೋ ಅಂತ ಕೇಳೋಕೂ ನನಗೆ ಮುಖ ಇಲ್ಲ."

ಅಕ್ಕ ಆ ಹಿಡಿ ಮಣ್ಣನ್ನು ತೆಗೆದ ಜಾಗಕ್ಕೇ ಹಾಕಿ, ಮೇಲೆ ಕೈಯಾಡಿಸಿ ಸಮ ಮಾಡಿದಳು. ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಬಹಳ ಹೊತ್ತು ನೀರು ಹರಿಯುತ್ತಲೇ ಇತ್ತು. ಅಷ್ಟು ಹೊತ್ತು ಯಾರೂ ಕೈ ತೊಳೆಯುವುದಿಲ್ಲ. ನಾನು ತೋಟದಲ್ಲಿ ನಿಂತೇ ಇದ್ದೆ. ಒಳಗೆ ಹೋಗಲು ಧೈರ್ಯವಿಲ್ಲ, ಬಸ್ಸಿಗೆ ಹೋಗಲು ಮನಸ್ಸಿಲ್ಲ. ನದಿಯ ಮೇಲಿಂದ ತಣ್ಣಗೆ ಗಾಳಿ ಬಂತು, ಬೀನ್ಸಿನ ಬಳ್ಳಿಗಳು ಒಮ್ಮೆ ಅತ್ತ ಒಮ್ಮೆ ಇತ್ತ ವಾಲಿದವು. ಇದೇ ಕೊನೆ, ಇನ್ನು ಈ ತೋಟಕ್ಕೆ ನನ್ನನ್ನು ಯಾರೂ ಕರೆಯುವುದಿಲ್ಲ ಎಂದುಕೊಂಡೆ. ಹಾಗೆಂದುಕೊಂಡ ಮೇಲೆ ಎಲೆ ಎಲೆಯನ್ನೂ ನೋಡತೊಡಗಿದೆ.

ನೀರು ನಿಂತಿತು. "ಅದೇನೋ ಸಹಿ ಬೇಕು ಅಂದೆಯಲ್ಲ" ಎಂದು ಒಳಗಿಂದ ಕೂಗಿದಳು.

ಹೊಲಿಗೆ ಯಂತ್ರದ ಪಕ್ಕ ಕತ್ತರಿಸಿಟ್ಟ ಬಟ್ಟೆ ಸರಿಸಿ ಫಾರಂ ಬಿಡಿಸಿದೆ. ಅಕ್ಕನ ಕಣ್ಣು ಕೆಂಪಗಿತ್ತು. ನಾನು ಪೆನ್ನು ತೆಗೆದರೆ, "ಕೊಡಿಲ್ಲಿ, ನನ್ನ ತೋಟ, ನಾನು ಬರೀತೀನಿ" ಎಂದು ಕಿತ್ತುಕೊಂಡಳು. ಪ್ರಶ್ನೆಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ ಉತ್ತರ ಬರೆದಳು. ತಾಣದ ಬಳಕೆ: ತರಕಾರಿ. ಹೊರಗಿನ ಮಣ್ಣು ತಂದು ಹಾಕಿದ್ದುಂಟೇ: ಉಂಟು. ಎಷ್ಟು ದಪ್ಪ: ಒಂದು ಗೇಣು. ಬೆಳೆದದ್ದನ್ನು ಯಾರು ಯಾರು ತಿಂದಿದ್ದಾರೆ ಎಂಬಲ್ಲಿ ಜಾಗ ಸಾಲದೆ ಹಾಳೆ ತಿರುಗಿಸಿ ಬೀದಿಯ ಮನೆಗಳನ್ನೆಲ್ಲ ಬರೆದಳು, ಒಂದನ್ನೂ ಬಿಡಲಿಲ್ಲ. ಮೂಲೆಮನೆಯ ಬಾಣಂತಿಯನ್ನು ಎಲ್ಲರಿಗಿಂತ ಮೊದಲು ಬರೆದು ಅಡಿಗೆರೆ ಎಳೆದಳು.

"ಬೋರ್ಡು ಹಾಕ್ತಾರೆ" ಎಂದೆ. "ಮಣ್ಣು ಕೆರೆದು ಒಯ್ತಾರೆ. ಒಂದು ಗೇಣಷ್ಟೂ."

"ಗೊತ್ತಾಯ್ತು. ಯಾವಾಗ ಬರ್ತಾರೆ ಅಂತ ಮೊದಲೇ ಹೇಳ್ಲಿ, ನಾನು ಮನೇಲಿ ಇರಲ್ಲ."

ಮಣ್ಣು ಹಾಕಿದವರು ಯಾರು ಎಂಬ ಸಾಲಿಗೆ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ 'ನಮ್ಮವರು' ಎಂದು ಬರೆದಳು. ಗಂಡನನ್ನು ಅವಳು ಎಂದೂ ಬೇರೆ ಹೇಗೂ ಕರೆದವಳಲ್ಲ. ಕೊನೆಯ ಸಾಲು ಯಾರ ಸಲಹೆಯ ಮೇಲೆ ಎಂದು ಕೇಳುತ್ತಿತ್ತು.

"ತಂಗಿ ಅಂತ ಬರಿ" ಎಂದೆ. "ಇದೊಂದನ್ನ ಮುಚ್ಚಬೇಡ ಅಕ್ಕ. ನನ್ನ ಕೆಲಸ ಹೋದ್ರೂ ಪರವಾಗಿಲ್ಲ, ಬರಿ."

ಅಕ್ಕ ಬಗ್ಗಿ, ಒಂದೊಂದೇ ಅಕ್ಷರ ತಿದ್ದಿದಂತೆ ಬರೆದಳು. ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ಅಲ್ಲೂ ಅದೇ ಇತ್ತು: 'ನಮ್ಮವರು'.

"ಇದೇನಕ್ಕ? ಇದು ಭಾವನ ತಲೆ ಮೇಲೆ ಹೋಗತ್ತೆ. ನಾನು ಹೇಳಿದ್ದು ಅಂತ ಯಾರಿಗೆ ಗೊತ್ತಾಗತ್ತೆ?"

"ನಮ್ಮವರು ಅಂದ್ರೆ ಅದರಲ್ಲಿ ನೀನಿಲ್ವೇನೇ?" ಎಂದು ಗದರಿ, ಅಕ್ಕ ಕೆಳಗೆ ಸಹಿ ಹಾಕಿ ಪೆನ್ನನ್ನು ನನ್ನ ಕೈಗಿತ್ತಳು.